ಕೊಪ್ಪರಿಗೆಯ ಕೈ

ಮಸಿ, ಬರೀ ಮಸಿ, ಟೆಸ್ಟ್ ಟ್ಯೂಬಿನ ತುಂಬ ಒಲೆಯ ಬೂದಿ ಕಲಸಿಟ್ಟ ಹಾಗೆ, ಬೆಳ್ಳಿ ಕನ್ನಡಿ ಬರಬೇಕಿತ್ತಲ್ಲ, ಪುಸ್ತಕದಲ್ಲಿ ಹಾಗೇ ತಾನೆ ಇರುವುದು, ಮಂಜುಶ್ರೀ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಮಂಡ್ಯದ ಈ ಪರೀಕ್ಷೆಯ ಲ್ಯಾಬಿನಲ್ಲಿ ಮಿಕ್ಕವರೆಲ್ಲ ಆಗಲೇ ಬರೆಯುತ್ತಿದ್ದಾರೆ — ಕಿತ್ತಳೆ ಬಣ್ಣವಂತೂ ಬಂದಿತ್ತು, ಡಿಎನ್‌ಪಿ ಹಾಕಿದ ಕೂಡಲೇ ಗಟ್ಟಿಯಾಗಿ ಬಂದಿತ್ತು, ಅಂದರೆ ಗುರುತಿಸಲು ಕೊಟ್ಟ ಸೀಸೆಯಲ್ಲಿರುವುದು ಆಲ್ಡಿಹೈಡೋ ಕೀಟೋನೋ, ಎರಡರಲ್ಲೊಂದು, ಯಾವುದೆಂದು ಕನ್ನಡಿಯೇ ಹೇಳಬೇಕು, ಮೂಡಿದರೆ ಆಲ್ಡಿಹೈಡು, ಮೂಡದಿದ್ದರೆ ಕೀಟೋನು, ಮಸಿಯಾದರೆ ಏನು, ಅದನ್ನು ಯಾರೂ ಹೇಳಿಕೊಟ್ಟಿಲ್ಲ, ಮಳವಳ್ಳಿಯ ಕಾಲೇಜಿನಲ್ಲಿ ಸಿಲ್ವರ್ ನೈಟ್ರೇಟ್ ದುಬಾರಿ ಕಣ್ರಮ್ಮ ಎಂದು ಮೇಷ್ಟ್ರು ಒಬ್ಬರೇ ಮಾಡಿ ತೋರಿಸಿದ್ದರು, ಹಿಂದಿನ ಸಾಲಿನಿಂದ ಹಿಮ್ಮಡಿ ಎತ್ತಿ ನೋಡಿದವಳಿಗೆ ಕಂಡದ್ದು ಮುಂದಿನವರ ಜಡೆಗಳು ಮಾತ್ರ — ಹೋದ ವರ್ಷ ಕೆಮಿಸ್ಟ್ರಿ ಕೈಕೊಟ್ಟಿತು, ಈ ಸಲವೂ ಹೋದರೆ ಮುಗಿಯಿತು, ಮಾವ ಮಹದೇವು ಮದ್ದೂರಿನ ಹತ್ತಿರ ಗಾರ್ಮೆಂಟ್ಸಿನಲ್ಲಿ ಮಾತಾಡಿಟ್ಟಿದ್ದಾನೆ, ಓದಿದ್ದು ಸಾಕು ಬುಡು, ಮಿಸಿನ್ ಮುಂದೆ ಕೂತ್ಕೊಳ್ಲಿ, ಅವ್ವ ಮರಿತಾಯಮ್ಮ ಮಾತ್ರ ಸುಮ್ಕಿರಣ್ಣ, ಅದು ಓದೋ ಮಗ, ಇನ್ನೊಂದ್ ಕಿತ ಬರೀಲಿ ಅಂದಳು, ಬರೆದು ಪಾಸಾದರೆ ಬಿಎಸ್ಸಿ, ಆಮೇಲೆ ತಾನೇ ಇಂಥ ಮೇಜಿನ ಮುಂದೆ ನಿಂತು ಹಿಂದಿನ ಸಾಲಿನ ಹುಡುಗಿಯರನ್ನೆಲ್ಲ ಮುಂದಕ್ಕೆ ಕರೆಯಬೇಕು, ಬನ್ನಿ, ನೋಡಿ, ಇದೇ ಕನ್ನಡಿ ಅಂತ, ಎಷ್ಟು ಆಸೆ ಅವಳಿಗೆ. ಪರೀಕ್ಷೆ ನಡೆಸಲು ಬಂದ ಜಯಪ್ರಕಾಶ್ ಸರ್ ಬಗ್ಗಿ ನೋಡುತ್ತಾರೆ, ಮಸಿ ಯಾಕಮ್ಮ ತೋರಿಸ್ತೀಯ, ನಂಗೆ ಕನ್ನಡಿ ತೋರಿಸು, ಇನ್ನೊಂದ್ಸಲ ಮಾಡು.

ಸೀಸೆಯ ತಳದಲ್ಲಿ ಉಳಿದಿರುವುದೇ ನಾಲ್ಕಾರು ಹನಿ, ಇದೂ ಹೋದರೆ ಮತ್ತೆ ಕೇಳುವ ಹಾಗಿಲ್ಲ, ಹೊಸ ಟ್ಯೂಬನ್ನು ಉಜ್ಜಿ ಉಜ್ಜಿ ತೊಳೆದಳು, ಸಿಲ್ವರ್ ನೈಟ್ರೇಟಿನ ದ್ರಾವಣ ಹಾಕಿದಳು, ಹನಿಗಳನ್ನು ಬಿಟ್ಟಳು, ಬಿಸಿನೀರಿನ ಬೀಕರಿನಲ್ಲಿ ಇಳಿಸಿದಳು, ಆವಿ ಮುಖಕ್ಕೆ ಬಡಿಯಿತು, ಆಲೆಮನೆಯ ಆವಿಯೂ ಹೀಗೇ, ಆದರೆ ಸಿಹಿ, ಕ್ಲಾಸಿನಲ್ಲಿ ಪಕ್ಕದವಳು ಮೂಸಿ ನೋಡಿ ಏನೇ ನಿನ್ ತಲೇಲಿ ಬೆಲ್ಲ ಅಂದಿದ್ದಳು, ಅಂದರೆ ಅನ್ನಲಿ, ರಜೆ ಬಂದರೆ ಅವ್ವನ ಜೊತೆ ಕೊಪ್ಪರಿಗೆಯ ಮುಂದೆ ನಿಂತವಳಲ್ಲವೇ, ಉದ್ದನೆಯ ಕೋಲು, ಕುದಿಯುವ ಕಬ್ಬಿನ ಹಾಲು, ಕೈ ಬುಟ್ರೆ ತಳ ಅತ್ಕೊಳ್ತದೆ ಕಣಮ್ಮ, ತಿರುಗುಸ್ತಾನೇ ಇರು, ತಿರುಗಿಸುತ್ತಲೇ ಇದ್ದಾಳೆ, ತೋಳು ಸೋತರೂ ಬಿಡದೆ — ಅಯ್ಯೋ, ಈಗಲೂ, ಟ್ಯೂಬು ಹಿಡಿದ ಕೈ ತನ್ನಷ್ಟಕ್ಕೆ ತಾನೇ ಸುತ್ತುತ್ತಿದೆ, ಮೊದಲ ಟ್ಯೂಬು ಹಿಡಿದಾಗಲೂ ಸುತ್ತಿತ್ತು, ಅಷ್ಟು ಹೊತ್ತೂ, ಇದೇ ಕೈ, ಬೆಳ್ಳಿ ಗಾಜಿಗೆ ಅಂಟಿಕೊಳ್ಳಲು ಬಂದರೆ ಅಂಟಿಕೊಳ್ಳಗೊಡದೆ ಕಲಕಿ ಕಲಕಿ ಮಸಿ ಮಾಡಿದ್ದು ಇದೇ, ಬಿಡು, ಮೊದಲು ಬಿಡು, ಬಿಟ್ಟಳು, ಬಿಟ್ಟರೂ ಬೆರಳು ಅತ್ತಲೇ ಎಳೆಯುತ್ತಿವೆ, ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಳು, ಅವ್ವಾ, ಕೈ ಬಿಟ್ಟಿದ್ದೀನಿ, ತಳ ಹತ್ತಲಿ, ಹತ್ತಬೇಕಾದದ್ದೇ ಇದು, ನೀರು ಅಲುಗುತ್ತಿಲ್ಲ, ಅವಳೂ ಅಲುಗುತ್ತಿಲ್ಲ, ಗಾಜಿನ ಬುಡದಲ್ಲಿ ಮಬ್ಬು, ಮತ್ತೆ ಮಸಿಯೇ, ಅಲ್ಲ, ಮಸಿಗೆಲ್ಲಿಯ ಹೊಳಪು, ಕೂದಲೆಳೆಯಷ್ಟು, ಬೆರಳಷ್ಟು, ಮೇಲಕ್ಕೆ ಏರುತ್ತಿದೆ, ಕನ್ನಡಿ, ಸುತ್ತಲೂ ಕನ್ನಡಿ, ಅದರೊಳಗೆ ಒಂದು ಮೂಗು, ಇಷ್ಟು ದಪ್ಪ, ಸೊಟ್ಟ, ಅವಳದೇ.