ಬೆಚ್ಚಗಿದ್ದ ಕಾವಲಿ

ಟೈಲರಮ್ಮನಿಗೆ ಮೂಗಿನ ಮೇಲೇ ಕೋಪ, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿ ಅನುಮಾನ. ಅಂಗಡಿಗೆ ಬಂದ ಬಟ್ಟೆಯನ್ನು ಗಿರಾಕಿಯ ಎದುರೇ ಎರಡೆರಡು ಸಲ ಅಳೆಯುವವಳು. ಅಂಥವಳ ಮನೆಗೆ, ವಿಧವೆಯಾಗಿ ತಮ್ಮನೇ ಗತಿಯಾಗಿದ್ದ ಅತ್ತಿಗೆ, ಅಂದರೆ ಗಂಡನ ಅಕ್ಕ, ಬಂದು ಸೇರಿಕೊಂಡಿದ್ದಳು. ಪಾಪದ ಹೆಂಗಸು, ಕೂತಲ್ಲಿ ಕೂರುತ್ತಿರಲಿಲ್ಲ. ಕಣ್ಣಿಗೆ ಬಿದ್ದ ಪಾತ್ರೆಯನ್ನೆಲ್ಲ ಮುಖ ಕಾಣುವಷ್ಟು ತಿಕ್ಕಿಡುತ್ತಿದ್ದಳು.

ಒಂದು ಮಧ್ಯಾಹ್ನ ಊಟಕ್ಕೆ ಬಂದ ಟೈಲರಮ್ಮ ಒಲೆಯ ಪಕ್ಕದ ಕಬ್ಬಿಣದ ಕಾವಲಿ ಮುಟ್ಟಿದಳು. ಬೆಚ್ಚಗಿತ್ತು. ಬೆಳಗ್ಗೆ ಮೊಟ್ಟೆ ಹುರಿದ ಮೇಲೆ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅದು ಅವಳ ತಾಯಿಯದು. ಸೋಪು ಕಾಣದೆ, ಬರೀ ಎಣ್ಣೆ ಬೆಂಕಿ ಕುಡಿದು ಕಪ್ಪಗೆ ಹೊಳೆಯುತ್ತಿದ್ದ ಕಾವಲಿ. ಮೊಟ್ಟೆ ಅದರ ಮೇಲೆ ಜಾರಿದಾಗಲೆಲ್ಲ, ಇದು ನಮ್ಮಮ್ಮನ ಕೈಗುಣ ಅಂತ ಗಂಡನಿಗೆ ಕೇಳಿಸುವಂತೆ ಹೇಳುತ್ತಿದ್ದಳು. ಅಮ್ಮನದು ಅಂತ ಉಳಿದಿದ್ದೂ ಅದೊಂದೇ.

ಮೂಸಿ ನೋಡಿದರೆ ಇದ್ದಿಲಿನ ವಾಸನೆ. ತಲೆಯೊಳಗೆ ಹುಳ ಹೊಕ್ಕಿತು. ಹಿತ್ತಲಿಗೆ ಹೋಗಿ, ಗಂಡ ರಜೆಯ ದಿನ ಮಾತ್ರ ಊರಿಗೆಲ್ಲ ಹೊಗೆ ಹಾಕಿ ಹೊತ್ತಿಸುತ್ತಿದ್ದ, ಮಾಂಸ ಸುಡುವ ಗ್ರಿಲ್ಲಿನ ಮುಚ್ಚಳ ತೆಗೆದಳು. ಹೊಸ ಬೂದಿ. ಇದ್ದಿಲಿನ ಚೀಲವೂ ಸೊರಗಿತ್ತು. ಕದ್ದು ಮಾಂಸ ಸುಟ್ಟು ತಿನ್ನುತ್ತಾಳೆ ಅಂದುಕೊಂಡರೆ ಕಸದ ಬುಟ್ಟಿಯಲ್ಲಿ ಮೂಳೆಯಿಲ್ಲ. ಯಾರನ್ನೋ ಕರೆಸುತ್ತಾಳೆ ಅಂದುಕೊಂಡರೆ ಸಿಂಕಿನಲ್ಲಿ ಒಂದೇ ಲೋಟ. ಗಂಡನ ಕಿವಿಗೆ ಹಾಕಿದ್ದಕ್ಕೆ, ಅಕ್ಕನಿಗೆ ಹೊಟ್ಟೆ ತುಂಬ ಊಟ ಹಾಕ್ತಿದ್ದೀಯ ತಾನೆ ಅಂತ ಅವನು ಇವಳನ್ನೇ ಕೇಳಿದ. ಉರಿಯುವುದಕ್ಕೆ ಎಣ್ಣೆ ಸುರಿದ ಹಾಗಾಯಿತು. ಕೈಯಾರೆ ಹಿಡಿದು, ಅವತ್ತೇ ಗಂಟುಮೂಟೆ ಕಟ್ಟಿಸಬೇಕು ಅಂತ ತೀರ್ಮಾನಿಸಿಬಿಟ್ಟಳು.

ಮರುದಿನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಹಿತ್ತಲ ಗೇಟಿನಿಂದ ಕಳ್ಳಹೆಜ್ಜೆ ಇಟ್ಟು ಬಂದಳು. ಅತ್ತಿಗೆ ಗ್ರಿಲ್ಲಿನ ಮುಂದೆ ಮಂಡಿಯೂರಿ ಕೂತಿದ್ದಳು. ಕೆಂಡದ ಮೇಲೆ ಕಾವಲಿ, ಬೋರಲು. ತಿನ್ನುವ ಪದಾರ್ಥ ಒಂದೂ ಇಲ್ಲ. ಕೈಯಲ್ಲಿ ಎಣ್ಣೆ ಬಟ್ಟೆ.

ಇವಳನ್ನು ಕಂಡು ಅತ್ತಿಗೆಯ ಮುಖ ಬಿಳಿಚಿತು. "ನೀನು ತಂಗಿ ಹೆರಿಗೆಗೆ ಹೋಗಿದ್ಯಲ್ಲ, ಆಗ ತಿಕ್ಕಿಬಿಟ್ಟೆ ಕಣೇ," ಅಂದಳು. "ಕೊಳೆ ಅಂದ್ಕೊಂಡೆ. ಕಪ್ಪೆಲ್ಲ ಹೋಗಿ ಬೆಳ್ಳಗಾಯ್ತು. ಮೊಟ್ಟೆ ಅಂಟ್ಕೊಂಡಾಗ್ಲೇ ಗೊತ್ತಾಗಿದ್ದು ಏನ್ ಮಾಡ್ದೆ ಅಂತ. ನೀನು ಬರೋಷ್ಟ್ರಲ್ಲಿ ಹೇಗೋ ಕಪ್ಪು ಹಿಡಿಸ್ದೆ, ಅವತ್ತಿಂದ ಎಣ್ಣೆ ಸವರಿ ಸುಡ್ತಾನೇ ಇದ್ದೀನಿ. ಒಳಗೆ ಸುಟ್ರೆ ವಾಸನೆ ನಿಂಗೆ ತಿಳಿದ್ಬಿಡತ್ತೆ."

ಅಮ್ಮ ಅಷ್ಟು ವರ್ಷ ಕೂಡಿಸಿದ ಕಪ್ಪೆಲ್ಲ ಸೋಪಿನ ನೊರೆಯೊಂದಿಗೆ ಮೋರಿಗೆ ಹೋಗಿತ್ತು. ಅಳು ಒತ್ತರಿಸಿ ಬಂತು. ಬೈಯಲು ಬಾಯಿ ತೆರೆದವಳಿಗೆ ಬೆಳಗಿನ ಮೊಟ್ಟೆ ನೆನಪಾಯಿತು. ಎಷ್ಟು ಚೆನ್ನಾಗಿ ಜಾರಿತ್ತು. ಅಮ್ಮನ ಕೈಗುಣ ಅಂತ ತಾನು ಇವತ್ತೂ ಹೇಳಿದಾಗ ಇವಳು ಅಲ್ಲೇ ತಲೆ ತಗ್ಗಿಸಿ ತಿನ್ನುತ್ತಿದ್ದಳು.

"ನಾನೇ ಹೊರಡ್ತೀನಿ," ಅಂದಳು ಅತ್ತಿಗೆ. "ತಮ್ಮನಿಗೆ ಮಾತ್ರ ಹೇಳ್ಬೇಡ."

ಟೈಲರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಪಕ್ಕದಲ್ಲೇ ಕುಕ್ಕರಿಸಿದಳು. ಇಕ್ಕಳದಲ್ಲಿ ಕಾವಲಿ ಎತ್ತಿ, ಬೆಳಕಿಗೆ ಹಿಡಿದು, ತನ್ನ ಅಭ್ಯಾಸದಂತೆ ಎರಡೆರಡು ಸಲ ನೋಡಿದಳು.

"ಎಣ್ಣೆ ಜಾಸ್ತಿ ಆಯ್ತಕ್ಕ," ಅಂದಳು. "ಸವರಿದ್ಮೇಲೆ ಅಷ್ಟನ್ನೂ ಒರೆಸಿ ತೆಗೀಬೇಕು. ನಮ್ಮಮ್ಮ ಹಾಗೇ ಮಾಡ್ತಿದ್ಲು. ಆ ಬಟ್ಟೆ ಕೊಡು ಇಲ್ಲಿ."

ಅತ್ತಿಗೆ ಬಟ್ಟೆ ಕೊಟ್ಟು, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.