ಗುರುವಾರದ ಮನೆ

ಕಲಬುರಗಿಯಲ್ಲಿ ಏಳು ಮನೆಯ ಅನ್ನ ಉಂಡು ಇಂಟರ್ ಪಾಸಾದವನು ನಾನು. ನಮ್ಮ ಕಮಲಾಪುರದಲ್ಲಿ ಇದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅರ್ಚಕರ ಮಗ ಪಾಂಡುರಂಗ ವಾರ ಉಂಡು ಓದಿದ, ತಹಸೀಲ ಕಚೇರಿಯಲ್ಲಿ ಕುರ್ಚಿ ಹಿಡಿದ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಕೇಳುವಾಗ ಎದ್ದು ಹೋಗಬೇಕೆನಿಸುತ್ತದೆ. ಹೋಗುವುದಿಲ್ಲ. ಕೊಟ್ಟಿದ್ದನ್ನೆಲ್ಲ ತೆಗೆದುಕೊಂಡು ಸುಮ್ಮನಿರುವುದು ನನಗೆ ಮೊದಲಿನಿಂದಲೂ ಅಭ್ಯಾಸ.

ವಾರವೆಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪರ ಊರಿನಿಂದ ಓದಲು ಬಂದ ಬಡ ಬ್ರಾಹ್ಮಣ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಯವರು ವಾರಕ್ಕೊಂದು ದಿನ ಊಟ ಹಾಕುತ್ತಿದ್ದರು. ಯಾರೂ ಬರೆದಿಡದ ಒಂದು ಕಟ್ಟಳೆ ಅದಕ್ಕಿತ್ತು. ದುಡಿದು ಸಂಬಳ ತರುವವನು ವಾರ ಉಣ್ಣಬಾರದು. ಅವನು ಉಂಡರೆ ಇನ್ನೊಬ್ಬ ಹುಡುಗನ ಎಲೆ ಕಿತ್ತುಕೊಂಡ ಹಾಗೆ. ನನ್ನ ಗುರುವಾರದ ಮನೆಯ ಸಕ್ಕೂಬಾಯಿಯವರು ಮೊದಲ ದಿನವೇ ಇದನ್ನು ನಗುನಗುತ್ತ ಹೇಳಿದ್ದರು. ನಾನೂ ನಗುತ್ತ ತಲೆಯಾಡಿಸಿದ್ದೆ.

ಮೊದಲ ವರ್ಷ ಹಾಗೇ ಕಳೆಯಿತು. ಎರಡನೆಯ ವರ್ಷದ ಶ್ರಾವಣದಲ್ಲಿ ದೌಲಪ್ಪನವರ ಕೆಲಸ ಬಂತು. ಅವರದು ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ತೊಗರಿಯ ದಲಾಲಿ ಅಂಗಡಿ. ವ್ಯಾಪಾರದಲ್ಲಿ ಪಳಗಿದ ಆಸಾಮಿ, ಆದರೆ ಉರ್ದು ಓದಲು ಬಾರದು. ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲೇ ಬರುತ್ತಿದ್ದ ಕಾಲ ಅದು. ಒಂದು ದಿನ ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಸುಂಕದ ಕಚೇರಿಯ ನೋಟೀಸು ಓದಿಸಿದರು, ನಿಂತಲ್ಲೇ ಉತ್ತರ ಬರೆಸಿದರು, ನಾಳೆಯಿಂದ ಸಂಜೆ ಎರಡು ತಾಸು ಬಾ ಎಂದರು. ಕಾಲೇಜು ಬಿಡುವುದು ನಾಲ್ಕಕ್ಕೆ. ಪಾಠಕ್ಕೆ ತೊಂದರೆಯಿಲ್ಲ. ಹೂಂ ಎಂದುಬಿಟ್ಟೆ.

ಏಕೆ ಹೂಂ ಎಂದೆ ಎಂದು ಕೇಳಿದವರಿಗೆ ಫೀಸು, ಪುಸ್ತಕ ಎಂದು ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಫೀಸು ಅಪ್ಪ ಹೇಗೋ ಕಳಿಸುತ್ತಿದ್ದ, ಪುಸ್ತಕ ಗೆಳೆಯರು ಕೊಡುತ್ತಿದ್ದರು. ನನಗೆ ಬೇಕಾಗಿದ್ದದ್ದು ಶೇರವಾನಿ. ತರಗತಿಯಲ್ಲಿ ಹೆಚ್ಚಿನವರು ಕಪ್ಪು ಶೇರವಾನಿ ತೊಟ್ಟು ಬರುತ್ತಿದ್ದರು. ನನ್ನ ಮೈಮೇಲೆ ಸೋದರಮಾವನ ಹಳೆಯ ಕೋಟು, ಮೊಣಕೈಗೆ ಬೇರೆ ಬಣ್ಣದ ತೇಪೆ. ಅದನ್ನು ನೋಡಿ ಯಾರೂ ನಕ್ಕಿರಲಿಲ್ಲ. ಒಬ್ಬರಾದರೂ ನಕ್ಕಿದ್ದರೆ ಇವತ್ತು ಅವರ ಮೇಲೆ ತಪ್ಪು ಹೊರಿಸಿ ಹಗುರಾಗುತ್ತಿದ್ದೆ.

ಕೆಲಸ ಹಿಡಿದ ದಿನವೇ ಏಳು ಮನೆಗೂ ಹೋಗಿ, ನಾಳೆಯಿಂದ ಬರುವುದಿಲ್ಲ, ನನ್ನ ಎಲೆ ಬೇರೆಯವರಿಗೆ ಕೊಡಿರಿ ಎನ್ನಬೇಕಿತ್ತು. ಎನ್ನಲಿಲ್ಲ. ಖಾನಾವಳಿಯಲ್ಲಿ ಉಂಡರೆ ಸಂಬಳವೆಲ್ಲ ಹೊಟ್ಟೆಗೇ ಹೋಗುತ್ತದೆ, ಶೇರವಾನಿಗೆ ಏನೂ ಉಳಿಯುವುದಿಲ್ಲ. ದಸರೆಯ ತನಕ ಇರಲಿ ಅಂದುಕೊಂಡೆ. ದಸರೆಗೆ ಶೇರವಾನಿ ಬಂತು. ಅದನ್ನು ದೌಲಪ್ಪನವರ ಅಂಗಡಿಯ ಗೂಟಕ್ಕೆ ನೇತುಹಾಕಿಡುತ್ತಿದ್ದೆ. ಕಾಲೇಜಿಗೆ ಹೋಗುವಾಗ ತೊಟ್ಟುಕೊಳ್ಳುವುದು, ಊಟದ ಮನೆಗೆ ಮಡಿ ಪಂಚೆಯಲ್ಲಿ ಹೋಗುವುದು. ಊಟ ಹಾಕುವವರು ಯಾರೂ ಅದನ್ನು ನೋಡಲಿಲ್ಲ. ಆಮೇಲೆ, ಪರೀಕ್ಷೆಯ ತನಕ ಇರಲಿ ಅಂದುಕೊಂಡೆ.

ಅದೇ ವರ್ಷ ನರಸಿಂಹ ಕಾಲೇಜಿಗೆ ಸೇರಿದ್ದ. ಕಮಲಾಪುರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯವನು, ನನಗಿಂತ ಎರಡು ವರ್ಷ ಚಿಕ್ಕವನು. ತಂದೆ ಇಲ್ಲ. ತಾಯಿ ಪುತಳಾಬಾಯಿ ಮಂದಿಯ ಮನೆಯಲ್ಲಿ ಅಡುಗೆ ಮಾಡಿ ಓದಿಸುತ್ತಿದ್ದಳು. ಓದಿನಲ್ಲಿ ಅವನು ನನಗಿಂತ ಮುಂದು, ಈ ಮಾತನ್ನು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ. ಶಹಾಬಜಾರದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಹತ್ತಿರದ ಒಂದು ಗುಡಿಯ ಪೌಳಿಯಲ್ಲಿ ಮಲಗುತ್ತಿದ್ದ. ಅವನಿಗೆ ನಾಲ್ಕು ವಾರ ಸಿಕ್ಕಿದ್ದವು. ಮಂಗಳವಾರ, ಗುರುವಾರ, ಶನಿವಾರ ಮನೆ ಇರಲಿಲ್ಲ. ಆ ಮೂರು ದಿನ ಅವನು ಭಾರೀ ದೈವಭಕ್ತ. ಮಂಗಳವಾರ ಅಂಬಾಭವಾನಿಯ ಉಪವಾಸ, ಗುರುವಾರ ರಾಯರದು, ಶನಿವಾರ ಹಣಮಪ್ಪನದು. ಯಾರು ಕೇಳಿದರೂ ಹೀಗೇ ಹೇಳಿ, ಒಂದು ಹಿಡಿ ಚುರಮುರಿ ತಿಂದು ನೀರು ಕುಡಿದು ಪುಸ್ತಕ ತೆರೆಯುತ್ತಿದ್ದ. ಇಷ್ಟು ದೇವರನ್ನು ಹಿಡಿದವನು ಪಾಸಾಗದೇ ಇರುತ್ತಾನೆಯೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವನು ನಗುತ್ತಿದ್ದ. ಅದು ವ್ರತವಲ್ಲ, ಹಸಿವು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ನನ್ನ ಕೋಣೆಗೆ ಬಂದ. ಒಬ್ಬ ವಕೀಲರ ಮನೆಯಲ್ಲಿ ಕಾಗದಗಳ ನಕಲು ಬರೆಯುವ ಕೆಲಸ ಸಿಗುವಂತಿದೆಯಂತೆ. ಬೆಳಿಗ್ಗೆ ಎರಡು ತಾಸು, ಕಾಲೇಜಿಗೆ ಅಡ್ಡಿಯಿಲ್ಲ. ಸಂಬಳ ತೀರ ಕಡಿಮೆ, ಏಳು ದಿನದ ಊಟಕ್ಕೆ ಸಾಲದು, ಆದರೆ ಬರಿದಾದ ಮೂರು ದಿನಕ್ಕೆ ಸರಿಹೋಗುತ್ತದೆ. ಹೇಳುವಾಗ ಅವನ ಮುಖ ಅರಳಿತ್ತು.

"ಪಾಂಡಣ್ಣಾ, ಕೆಲಸ ಹಿಡೀಲ್ಯೋ ಬ್ಯಾಡೋ, ನೀನೇ ಹೇಳು. ಹಿಡದ್ರ ನಾಲ್ಕು ಮನಿಯವರಿಗೂ ಇದ್ದದ್ದು ಇದ್ಹಾಂಗ ಹೇಳತೀನಿ. ಸಂಬಳ ತಗೊಳ್ಳಿಕ್ಕತ್ತೀನಿ, ಉಣ್ಣಲಿಕ್ಕೆ ಬರಲ್ಯೋ ಬ್ಯಾಡ್ರ್ಯೋ ಅಂತ ಕೇಳಬೇಕಂತ ಮಾಡೀನಿ."

ಇವನು ಹೋಗಿ ಕೇಳುತ್ತಾನೆ. ಆ ನಾಲ್ಕು ಮನೆಯವರು ತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ. ವಾರ ಉಣ್ಣುವ ಹುಡುಗರಲ್ಲಿ ಇನ್ನು ಯಾರು ಯಾರು ದುಡಿಯುತ್ತಾರೆ ಎಂಬ ವಿಚಾರಣೆ ಶುರುವಾಗುತ್ತದೆ. ಗಂಜಿನಲ್ಲಿ ನನ್ನನ್ನು ಕಂಡವರು ಇದ್ದೇ ಇದ್ದಾರೆ. ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ. ಅವನ ಹೊಟ್ಟೆಯ ವಿಚಾರ ಅಲ್ಲೆಲ್ಲೂ ಇರಲಿಲ್ಲ.

"ಹಂಗೆಲ್ಲ ಕೇಳೂದಂದ್ರ ಮರ್ಯಾದಿ ಕಳಕೊಂಡ್ಹಾಂಗ," ಎಂದೆ. "ಸಂಬಳ ತಗೊಳ್ಳಾಂವ ವಾರ ಉಣಬಾರದು. ಕೇಳಿದ್ರ ಇದ್ದ ನಾಲ್ಕೂ ಹೋಗ್ತಾವ. ಓದಲಿಕ್ಕೆ ಬಂದಾಂವ ಓದು."

ಹಿರಿಯಣ್ಣನ ದನಿಯಲ್ಲಿ ಹೇಳಿದೆ. ಇನ್ನೂ ಒಂದಿಷ್ಟು ಉಪದೇಶ ಮಾಡಿದೆ. ಓದು ಒಂದು ತಪಸ್ಸು, ಎರಡು ಕಡೆ ಮನಸ್ಸಿಟ್ಟವನಿಗೆ ಎರಡೂ ದಕ್ಕುವುದಿಲ್ಲ, ಇಂಥವೇ. ಅವನು ತಲೆ ತಗ್ಗಿಸಿ ಕೇಳಿಕೊಂಡ. ಮರುದಿನ ವಕೀಲರಿಗೆ ಬರುವುದಿಲ್ಲವೆಂದು ಹೇಳಿಬಂದ. ಅಂದು ಸಂಜೆ ನಾನು ಎಂದಿನಂತೆ ಗಂಜಿಗೆ ಹೋಗಿ ಎರಡು ತಾಸು ಕಾಗದ ಬರೆದೆ.

ಮಾಘದ ಹೊತ್ತಿಗೆ ನರಸಿಂಹ ಸೊರಗಿಹೋದ. ತರಗತಿಯಲ್ಲಿ ತೂಕಡಿಸುತ್ತಾನೆಂದು ಪ್ರೊಫೆಸರರು ಎರಡು ಸಲ ಹೊರಗೆ ಕಳಿಸಿದರು. ಆಮೇಲೆ ಜ್ವರ ಬಂದು ಹಾಜರಿ ತಪ್ಪಿತು. ಜ್ವರ ಬಿಟ್ಟಮೇಲೂ ಪೌಳಿಯ ಕಂಬಕ್ಕೆ ಒರಗಿ ಕುಳಿತಿರುತ್ತಿದ್ದ, ಪುಸ್ತಕ ಮುಟ್ಟುತ್ತಿರಲಿಲ್ಲ. ಒಂದು ಗುರುವಾರ ಸಕ್ಕೂಬಾಯಿಯವರ ಮನೆಯಲ್ಲಿ ಹೋಳಿಗೆ ಉಂಡು ಆ ದಾರಿಯಲ್ಲೇ ಬಂದೆ. ಅವನು ಕರೆದ. ಕಾಲೇಜಿಗೆ ಹೊತ್ತಾಯಿತೆಂದು ನಿಲ್ಲದೆ ನಡೆದೆ. ಅವತ್ತು ಕಾಲೇಜಿಗೆ ಇನ್ನೂ ಒಂದು ತಾಸಿತ್ತು.

ಅದೇ ವಾರ ಪುತಳಾಬಾಯಿ ಮೋಟಾರಿನಲ್ಲಿ ಬಂದು ಮಗನನ್ನು ಊರಿಗೆ ಕರೆದುಕೊಂಡು ಹೋದಳು. ಹೊರಡುವ ಮೊದಲು ನನ್ನ ಕೋಣೆಗೆ ಬಂದಳು. ನಮ್ಮೂರ ಕೆಂಪು ಬಾಳೆಹಣ್ಣು ಒಂದು ಚಿಪ್ಪು ತಂದಿದ್ದಳು. ನಿನ್ನಂಥ ಹಿರಿಯವನು ಇಲ್ಲಿದ್ದಾನೆಂದೇ ಧೈರ್ಯದಿಂದಿದ್ದೆ, ನೀನು ಹೇಳಿದ ಹಾಗೇ ಕೇಳಿಕೊಂಡಿದ್ದ, ಅವನ ದೈವದಲ್ಲಿ ಓದು ಇಲ್ಲ ಎಂದು ಕಣ್ಣೊರೆಸಿಕೊಂಡಳು. ನಾನು ಹಣ್ಣು ತೆಗೆದುಕೊಂಡೆ. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಪರೀಕ್ಷೆ ಮುಗಿಯಿತು. ಎಲ್ಲ ನನಗೆ ಅನುಕೂಲವಾದ ಮೇಲೆ ಪಶ್ಚಾತ್ತಾಪಕ್ಕೆ ಪುರುಸೊತ್ತು ಸಿಕ್ಕಿತು. ಸಕ್ಕೂಬಾಯಿಯವರಿಗೆ ನಮಸ್ಕಾರ ಮಾಡಿ ಬರಲು ಹೋದವನು ಅವರ ಪಡಸಾಲೆಯಲ್ಲಿ ಕುಳಿತು ಎಲ್ಲ ಹೇಳಿದೆ. ಶ್ರಾವಣದಿಂದ ಸಂಬಳ ತಿಂದದ್ದು, ಶೇರವಾನಿ ಹೊಲಿಸಿದ್ದು, ನರಸಿಂಹನಿಗೆ ಮೂರು ದಿನ ಮನೆ ಇಲ್ಲದ್ದು, ಅವನಿಗೆ ಬಂದ ಕೆಲಸ, ಮನೆಯವರನ್ನು ಕೇಳಬೇಡ ಎಂಬ ಮಾತಿಗೆ ಅವನು ಅದನ್ನು ಬಿಟ್ಟದ್ದು. ಆ ಮಾತು ಯಾರದೆಂಬುದನ್ನು ಮಾತ್ರ ಬಿಟ್ಟೆ. ಅವರು ಸೊಪ್ಪು ಸೋಸುತ್ತಿದ್ದರು. ಕೈ ನಿಂತಿತು. ಬೈಯುತ್ತಾರೆ, ಬೈಸಿಕೊಂಡರೆ ಹಗುರಾಗುತ್ತದೆ ಎಂದು ಕಾದೆ.

"ನೀ ಉಂಡದ್ದಕ್ಕ ನಾ ಏನೂ ಅನ್ನೂದಿಲ್ಲ, ಪಾಂಡುರಂಗ," ಎಂದರು. "ಆದ್ರ ಆ ಹುಡುಗ ಬಂದು ಕೇಳಿದ್ರ ಇಲ್ಲ ಅಂತಿದ್ವೇನು? ದುಡದು ಅರ್ಧಾ ಹೊಟ್ಟಿ ತುಂಬಿಸಿಕೊಳ್ಳಾಂವಗ ಇನ್ನರ್ಧಾ ಹಾಕಬಾರದು ಅನ್ನೋ ಅಷ್ಟು ಕಲ್ಲು ಮನಸ್ಸಿನವರು ಈ ಊರಾಗ ಯಾರೂ ಇಲ್ಲ. ಕೇಳಬ್ಯಾಡ ಅಂತ ಅಂವಗ ಹೇಳಿದವರು ಯಾರು?"

ನಾನೇ, ಮೌಶಿ ಎಂದೆ.

ಅವರು ಸೋಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದರು. ಹೋಗಿ ಆ ಹುಡುಗನನ್ನು ಕರೆದುಕೊಂಡು ಬಾ, ಇನ್ನು ಗುರುವಾರ ಅವನದು, ನಿನ್ನ ಮಂಗಳವಾರ, ಶನಿವಾರದ ಮನೆಗಳಿಗೂ ನಾನೇ ಹೋಗಿ ಹೇಳುತ್ತೇನೆ ಎಂದರು. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ನಾನು ಅಂದೇ ಮೋಟಾರು ಹಿಡಿದು ಕಮಲಾಪುರಕ್ಕೆ ಬಂದೆ. ದಾರಿಯುದ್ದಕ್ಕೂ ಒಂದು ಆಸೆ ಇತ್ತು. ಹುಡುಗ ಬುದ್ಧಿವಂತ, ಒಂದು ವರ್ಷ ಹೋದರೆ ಹೋಯಿತು, ಮುಂದಿನ ವರ್ಷ ಮತ್ತೆ ಸೇರಿದರೆ ನನ್ನ ತಪ್ಪಿಗೂ ಒಂದು ಕೊನೆ ಸಿಗುತ್ತದೆ.

ನಾನು ಹೋದಾಗ ಅವರ ಮನೆಯಲ್ಲಿ ಎಲೆ ಹಾಕುವ ಹೊತ್ತು. ಪುತಳಾಬಾಯಿಗೆ ನನ್ನನ್ನು ಕಂಡು ಎಲ್ಲಿಲ್ಲದ ಸಂತೋಷ. ಕಾಕು, ಮೊದಲು ಒಂದು ಮಾತು ಹೇಳಬೇಕು ಎಂದೆ. ಮಾತು ಎಲ್ಲಿ ಓಡಿಹೋಗುತ್ತದೆ, ಮೊದಲು ಉಣ್ಣು ಎಂದು ಮಗನ ಪಕ್ಕದಲ್ಲಿ ನನಗೂ ಎಲೆ ಹಾಕಿದಳು. ನರಸಿಂಹ ಸ್ವಲ್ಪ ಮೈತುಂಬಿದ್ದ. ಊರ ಲೆಕ್ಕ ನೋಡುವ ಪಟವಾರಿಯ ಹತ್ತಿರ ಬರೆಯಲು ಕರೆದಿದ್ದಾರೆ, ನಾಡಿದ್ದು ಸೇರುವುದು ಎಂದ. ಇಬ್ಬರೂ ಅಂಗೈಯಲ್ಲಿ ನೀರು ತೆಗೆದುಕೊಂಡು ಆಪೋಶನ ಮಾಡಿದೆವು. ಆಪೋಶನವಾದ ಮೇಲೆ ಎದ್ದವನು ಮತ್ತೆ ಆ ಊಟಕ್ಕೆ ಕೂರುವಂತಿಲ್ಲ. ಅದು ನನಗೆ ಗೊತ್ತಿತ್ತು. ಹೇಳುವುದನ್ನು ಅದಕ್ಕೆ ಮೊದಲೇ ಹೇಳಬೇಕಿತ್ತು. ಅಲ್ಲಿಯೂ ತಡಮಾಡಿದೆ. ಅವನು ಎರಡು ತುತ್ತು ಉಂಡಿರಬೇಕು, ಆಗ ಶುರುಮಾಡಿದೆ.

ಎಲ್ಲ ಹೇಳಿದೆ. ನನ್ನ ಭಯವನ್ನೂ ಹೇಳಿದೆ. ಸಕ್ಕೂಬಾಯಿಯವರು ಅಂದದ್ದನ್ನೂ, ಇನ್ನು ಗುರುವಾರ ನಿನ್ನದು ಎಂಬುದನ್ನೂ ಹೇಳಿದೆ. ಪುತಳಾಬಾಯಿ ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದಳು. ನರಸಿಂಹ ಅನ್ನದಲ್ಲಿ ಬೆರಳಿಟ್ಟುಕೊಂಡು ಕೇಳಿದ.

"ಹಂಗಾದ್ರ ನಾ ಕೇಳಿದ್ರ ಹಾಕ್ತಿದ್ರು?"

ಹಾಕುತ್ತಿದ್ದರು ಎಂದೆ.

"ನನಗ ಏಳೂ ಮನಿ ಬ್ಯಾಡಾಗಿದ್ವು, ಪಾಂಡಣ್ಣಾ, ಇದ್ದ ನಾಲ್ಕೇ ಸಾಕಿದ್ವು. ನಾ ಕೇಳಲಿಕ್ಕೆ ಹೊಂಟಿದ್ದೆ." ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಪಟವಾರಿಗೆ ಮಾತು ಕೊಟ್ಟಾಗಿದೆ, ಇನ್ನು ಯಾರ ಹೊಸ್ತಿಲಲ್ಲೂ ನಿಂತು ಕೇಳುವುದು ತನ್ನಿಂದ ಆಗುವುದಿಲ್ಲ, ಕಾಲೇಜಿನ ಮಾತು ಮುಗಿಯಿತು ಎಂದ. ಬೆರಳಿಗೆ ಹತ್ತಿದ ಅನ್ನವನ್ನು ಎಲೆಗೆ ಒರೆಸಿ ಎದ್ದು ಹಿತ್ತಲಿಗೆ ಹೋದ. ನೀರು ಸುರಿದುಕೊಂಡು ಕೈ ತೊಳೆಯುವ ಸಪ್ಪಳ ಕೇಳಿಸಿತು.

ನಾನೂ ಏಳಲು ಹೋದೆ. ಪುತಳಾಬಾಯಿ ತಡೆದಳು.

"ನೀ ಉಣ್ಣು," ಎಂದಳು. "ಎಲಿ ಮುಂದ ಕುಂತ ಪರ ಮನಿಯವರು ಹಸದು ಏಳೂದು ನಮ್ಮನ್ಯಾಗ ಇಲ್ಲ."

ನನ್ನ ಮುಖ ನೋಡದೆ ಸಾರು ಹಾಕಿದಳು. ಆಮೇಲೆ ಮಗನಿಗೆಂದು ಇಟ್ಟಿದ್ದ ಅನ್ನವನ್ನೂ ತಂದು ಬಡಿಸಿದಳು. ಸಾಕು ಎಂದು ಕೈ ಅಡ್ಡ ಹಿಡಿಯಲು ನನಗೆ ಆಗಲಿಲ್ಲ. ಹಿತ್ತಲಲ್ಲಿ ನರಸಿಂಹ ಹಸಿದುಕೊಂಡು ಕುಳಿತಿದ್ದ. ನಾನು ಎಲೆಯಲ್ಲಿದ್ದುದನ್ನೆಲ್ಲ ಉಂಡೆ.