ಪರಿಹಾರ ಬಂದ ಮನೆ

ಉಷಾರಾಣಿ ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಪಕ್ಕದ ಮನೆಯಿಂದ ದುರುಗಕ್ಕನ ಚೀರಾಟ ಕೇಳಿದ್ದೇ ಅವಳ ಕೈ ಹಿಟ್ಟಿನಲ್ಲೇ ನಿಂತಿತು.

ಜಗಳೂರು ಸೀಮೆಯ ಆ ಹಳ್ಳಿಗೆ ಕೊರೊನಾದ ಎರಡನೇ ಅಲೆ ಬಂದಾಗ ಮೊದಲು ಹೊಕ್ಕಿದ್ದು ದುರುಗಕ್ಕನ ಮನೆಗೆ. ಅವಳ ಗಂಡ ಕೆಂಚೇಶ ದಾವಣಗೆರೆಯ ಆಸ್ಪತ್ರೆ ಸೇರಿದ್ದ. ನಿನ್ನೆಯಿಂದ ಅವನ ಫೋನ್ ಸ್ವಿಚ್ ಆಫ್. ಲಾಕ್‌ಡೌನ್‌ನಿಂದ ಸಂತೆ ಇಲ್ಲ, ಮದುವೆ ಇಲ್ಲ. ಅವರ ಹೊಲದ ಕನಕಾಂಬರ ಗಿಡದಲ್ಲೇ ಒಣಗುತ್ತಿತ್ತು. ಊರಿನವರು ಆ ಮನೆಯ ಮುಂದೆ ಜಾಲಿಮುಳ್ಳು ಎಳೆದು ಹಾಕಿದ್ದರು. ಎಳೆದವರಲ್ಲಿ ಉಷಾಳ ಗಂಡ ಮಾರುತೇಶನೂ ಒಬ್ಬ. ಬೇಡ ಅನ್ನಲು ಉಷಾಳಿಗೂ ಬಾಯಿ ಬಂದಿರಲಿಲ್ಲ.

"ಫೋನಿಗೆ ಬಂತಲ್ಲೋ ದೇವ್ರೇ! ಕೋವಿಡ್ ಪರಿಹಾರ ಅಂತ ಬಂತಲ್ಲೋ! ಹೋಗ್ಬಿಟ್ರಲ್ಲೋ!"

ಕೇಳಿದವರು ಕೆಂಚೇಶ ಸತ್ತನೆಂದೇ ತಿಳಿದರು. ಮಳೆ ಕೈಕೊಟ್ಟಾಗ ಸರ್ಕಾರದಿಂದ ಬರುವ ಹಣಕ್ಕೆ ಆ ಊರಲ್ಲಿ ಬೆಳೆ ದುಡ್ಡು ಅನ್ನುತ್ತಿದ್ದರು. ಬರೀ ಪರಿಹಾರವೆಂದರೆ ಬೇರೆ. ಅದು ಸಿಡಿಲು ಬಡಿದು ಸತ್ತವರ, ಹಾವು ಕಚ್ಚಿ ಸತ್ತವರ ಮನೆಗೆ ಬರುವಂಥದ್ದು.

ಬಾಗಿಲು ಬಾಗಿಲಲ್ಲೂ ಜನ ನಿಂತರು. ಕಿವಿ ಎಲ್ಲರಿಗೂ ಇತ್ತು, ಕಾಲು ಮಾತ್ರ ಯಾರಿಗೂ ಬರಲಿಲ್ಲ.

"ಹೆಣ ಊರಿಗೆ ತರಬ್ಯಾಡ್ರಿ ಅಂತ ಈಗ್ಲೇ ಹೇಳ್ಬೇಕು," ಎಂದ ಮಾರುತೇಶ.

"ಅವಳ ಅಳು ಇನ್ನೂ ನಿಂತಿಲ್ಲ, ಆಗ್ಲೇ ಹೆಣದ ಮಾತೇನ್ರೀ?" ಎಂದಳು ಉಷಾ.

"ಕೆಂಚೇಶ ನನ್ನ ಜೊತೆಗೇ ಆಡಿ ಬೆಳ್ದವನು ಕಣೇ. ನಂಗೇನು ಸಂಕಟ ಇಲ್ವಾ? ಆದ್ರೆ ನಮ್ಮವ್ವನಿಗೆ ಉಬ್ಬಸ ಐತೆ. ನಾಳೆ ಅವಳಿಗೆ ಬಂದ್ರೆ ಯಾರು ಬರ್ತಾರೆ?"

"ಎಲ್ರೂ ಹಿಂಗೆ ನಿಂತ್ಕಂಡ್ರೆ ಯಾರೂ ಬರಲ್ಲ."

ಉಷಾ ಮಾಸ್ಕ್ ಹಾಕಿಕೊಂಡು ಹೊರಟಳು. ಧೈರ್ಯವೇನೂ ಬಂದಿರಲಿಲ್ಲ. ಮುಳ್ಳು ಸರಿಸುವಾಗ ಬೆರಳು ಗೀರಿಕೊಂಡಿತು.

"ಹೋದ್ರೆ ತಿರುಗಿ ಮನೆಯೊಳಗೆ ಬರಾಕೆ ಆಗಲ್ಲ ನೋಡು!" ಎಂದು ಮಾರುತೇಶ ಕೂಗಿದ. ಅವಳು ತಿರುಗಿ ನೋಡಲಿಲ್ಲ.

ದುರುಗಕ್ಕ ಪಡಸಾಲೆಯಲ್ಲಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಉಷಾ ಅವಳ ಕೈ ಹಿಡಿದು ನಿಲ್ಲಿಸಿ, ನೆಲಕ್ಕೆ ಬಿದ್ದಿದ್ದ ಫೋನ್ ಎತ್ತಿ ಓದಿದಳು. ಅಕ್ಷರ ಕೂಡಿಸಿ ಓದುವ ದುರುಗಕ್ಕನಿಗೆ ಎರಡೇ ಪದ ಕಂಡಿದ್ದವು. ಅಲ್ಲಿ ಇದ್ದದ್ದು ಇಷ್ಟು: ಹೂ ಬೆಳೆಗಾರರ ಕೋವಿಡ್ ಪರಿಹಾರ ನಿಮ್ಮ ಖಾತೆಗೆ ಜಮೆಯಾಗಿದೆ.

"ದುರುಗಕ್ಕಾ, ಇದು ಅಣ್ಣಂದಲ್ಲ, ಹೂವಿಂದು! ಲಾಕ್‌ಡೌನ್‌ನಾಗೆ ಹೂವು ಹಾಳಾತಲ್ಲ, ಅದಕ್ಕೆ ಕೊಟ್ಟಾರೆ."

"ಸಮಾಧಾನಕ್ಕೆ ಹೇಳಬ್ಯಾಡ. ಹಂಗಾದ್ರೆ ಅವ್ರ ಫೋನ್ ಯಾಕೆ ಹತ್ತವಲ್ದು?"

ಆಂಬುಲೆನ್ಸಿನವರು ಕೊಟ್ಟುಹೋಗಿದ್ದ ಆಸ್ಪತ್ರೆಯ ನಂಬರನ್ನು ಉಷಾ ಹುಡುಕಿ ಒತ್ತಿದಳು. ಯಾರೋ ಹೆಸರು ಕೇಳಿದರು, ಊರು ಕೇಳಿದರು, ತಡೀರಿ ಅಂದರು. ಆಮೇಲೆ ಏನೂ ಕೇಳಿಸಲಿಲ್ಲ. ಇಬ್ಬರೂ ಫೋನನ್ನೇ ನೋಡುತ್ತಾ ಕೂತರು.

ಕೊನೆಗೆ ಒಂದು ಕೆಮ್ಮು ಕೇಳಿಸಿತು. "ದುರುಗೀ... ನನ್ನ ಫೋನು ಸತ್ತೈತೆ ಕಣೇ. ಚಾರ್ಜರ್ ಇಲ್ಲ."

ದುರುಗಕ್ಕ ಹೂಂ ಹೂಂ ಎಂದು ಅತ್ತಳು. ಫೋನ್ ಇಟ್ಟ ಮೇಲೆಯೇ ಅವಳಿಗೆ ತನ್ನ ಕೈ ಉಷಾಳ ಕೈಯಲ್ಲಿರುವುದು ಗೊತ್ತಾದದ್ದು. ಗಾಬರಿಯಿಂದ ಎಳೆದುಕೊಳ್ಳಲು ಹೋದಳು.

"ಬಿಡು ತಾಯಿ, ನನ್ನ ಮುಟ್ಟಬ್ಯಾಡ. ನಿಂಗೂ ಬಂದೀತು. ಹೆದ್ರಿಕೆ ಇಲ್ಲೇನು ನಿಂಗೆ?"

ಉಷಾ ಕೈ ಬಿಡಲಿಲ್ಲ.

"ಐತೆ ಅಕ್ಕಾ," ಎಂದಳು. "ಅದಕ್ಕೇ ಇಬ್ರೂ ಕೂತಿರಾಣ."